ಕಾಫಿ, ಟೀ ಎರಡೂ ಬಿಡಬೇಕು: ಕೆಫೀನ್ ಇಲ್ಲದ, ಕುಡಿಯೋಕೆ ರುಚಿಯಾದ ಬದಲಿ ಏನು?

ಖಾಲಿಲೋಟ (ಪ್ರಶ್ನೆ)

ಈಗ ದಿನಕ್ಕೆ ನಾಲ್ಕು ಲೋಟ ಕಾಫಿ, ಸಂಜೆ ಒಂದು ಟೀ. ಎದೆಬಡಿತ ಮತ್ತು ನಿದ್ದೆಯ ಕಾರಣಕ್ಕೆ ಕೆಫೀನ್ ನಿಲ್ಲಿಸಲು ವೈದ್ಯರು ಹೇಳಿದ್ದಾರೆ. ಎರಡು ವಾರದ ಗಡುವು ಇದೆ, ಅದಾದ ಮೇಲೆ ಪೂರ್ತಿ ಬಂದ್. ಆದ್ದರಿಂದ ಗ್ರೀನ್ ಟೀ ಕುಡಿಯಿರಿ, ಡಿಕ್ಯಾಫ್ (ಕೆಫೀನ್ ತೆಗೆದ ಕಾಫಿ) ತಗೊಳ್ಳಿ ಅನ್ನುವ ಸಲಹೆ ಬೇಡ.

ಕೇಳಬೇಕಾದ್ದು ಇಷ್ಟು:

ಬೆಳಿಗ್ಗೆಗೆ ಹಾಲು ಬೆರೆಸಿದರೂ ಗಟ್ಟಿಯಾಗಿ ನಿಲ್ಲುವ, ಹುರಿದ ಘಮ ಮತ್ತು ಸ್ವಲ್ಪ ಕಹಿ ಇರುವ ಪಾನೀಯ ಯಾವುದು? ಸಂಜೆಗೆ ಟೀ ಹತ್ತಿರ ಬರುವಂಥದ್ದು ಯಾವುದು? ಬಾರ್ಲಿ ಹುರಿದು ಪುಡಿ ಮಾಡಿ ಕುದಿಸಿದರೆ ಗಂಜಿಯ ಹಾಗೆ ಲೋಳೆಯಾಗುವುದೇಕೆ? ಶುಂಠಿ ಹಾಕಿದ ಹಾಲು ಕೆಲವು ಸಲ ಸರಿಯಾಗಿದ್ದು, ಕೆಲವು ಸಲ ಒಡೆಯುವುದೇಕೆ? ಬಿಡುವಾಗ ತಲೆನೋವು ಬರದಂತೆ ಏನು ಮಾಡಬಹುದು?

ಗೊತ್ತಿರುವವರು ಅಳತೆ ಸಮೇತ ಹೇಳಿದರೆ ಉಪಕಾರ.

---

ಹುರಿಗಾಳು

ಕಾಫಿಯ ರುಚಿಯಲ್ಲಿ ಕೆಫೀನ್‌ನ ಪಾಲು ಕಡಿಮೆ. ಡಿಕ್ಯಾಫ್ ಕೂಡ ಕಹಿಯಾಗಿಯೇ ಇರುತ್ತದಲ್ಲ. ಆ ಘಮ, ಬಣ್ಣ, ಕಹಿಯ ಬಹುಪಾಲು ಹುರಿಯುವಾಗ ಹುಟ್ಟುವಂಥದ್ದು. ಹಾಗಾಗಿ ಬದಲಿ ಹುಡುಕುವವರು ಕಪ್ಪಗೆ ಹುರಿದ ಕಾಳು, ಹುರಿದ ಬೇರು, ಇವೆರಡರ ಕಡೆ ನೋಡಬೇಕು. ಒಂದರಿಂದಲೇ ಕಾಫಿ ಆಗುವುದಿಲ್ಲ. ಬಾರ್ಲಿಯಲ್ಲಿ ಘಮ ಇದೆ, ಗಟ್ಟಿತನ ಇಲ್ಲ. ಚಿಕೋರಿಯಲ್ಲಿ ಗಟ್ಟಿತನ, ಬಣ್ಣ, ಕಹಿ ಎಲ್ಲ ಇದೆ, ಆದರೆ ಅದನ್ನೇ ಕುಡಿದರೆ ಸುಟ್ಟ ಸಕ್ಕರೆಯ ರುಚಿ ಹೊಡೆಯುತ್ತದೆ. ಎರಡನ್ನೂ ಕೂಡಿಸಿ.

ನಿಮ್ಮ ಬಾರ್ಲಿ ಲೋಳೆಯಾಗಲು ಎರಡು ಕಾರಣ. ಒಂದು, ಹುರಿದದ್ದು ಸಾಲದು. ಎರಡು, ಪುಡಿ ಮಾಡಿದ್ದು. ಕಾಳಿನೊಳಗಿನ ಪಿಷ್ಟ ಬಿಸಿನೀರು ತಾಗಿದರೆ ಉಬ್ಬಿ ನೀರನ್ನು ಗಟ್ಟಿ ಮಾಡುತ್ತದೆ. ಚೆನ್ನಾಗಿ ಹುರಿದಾಗ ಆ ಪಿಷ್ಟ ಒಡೆದು ಚಿಕ್ಕದಾಗುತ್ತದೆ, ಆಮೇಲೆ ಅಷ್ಟು ಅಂಟುವುದಿಲ್ಲ. ಪುಡಿ ಮಾಡಿದರೆ ಉಳಿದ ಪಿಷ್ಟವೆಲ್ಲ ಒಮ್ಮೆಲೇ ನೀರಿಗೆ ಬಿಡುತ್ತದೆ. ಆದ್ದರಿಂದ ಕಾಳನ್ನು ಇಡಿಯಾಗಿಯೇ ಕುದಿಸಿ.

ಹುರಿಯುವ ಕ್ರಮ: ದಪ್ಪ ತಳದ ಬಾಣಲೆ, ಒಂದು ಸಲಕ್ಕೆ 150 ಗ್ರಾಂಗಿಂತ ಹೆಚ್ಚು ಬೇಡ. ತೊಳೆದಿದ್ದರೆ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಮೊದಲ ಐದು ನಿಮಿಷ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ 15ರಿಂದ 20 ನಿಮಿಷ, ಕೈ ಬಿಡದೆ ಆಡಿಸುತ್ತಿರಿ. ಅಲ್ಲಲ್ಲಿ ಕಾಳು ಸಿಡಿಯುತ್ತದೆ, ಗಾಬರಿ ಬೇಡ. ಬಣ್ಣ ಗಾಢ ಕಂದು ಬಂದಾಗ ಒಂದು ಕಾಳು ತೆಗೆದು, ಆರಿಸಿ, ಕಡಿದು ನೋಡಿ. ಒಳಗೆ ಬೆಳ್ಳಗಿದ್ದರೆ ಇನ್ನೂ ಆಗಿಲ್ಲ, ನಡುವಿನವರೆಗೂ ಕಂದು ಬಂದಿರಬೇಕು. ಹೊರಗೆ ಕಪ್ಪು, ಒಳಗೆ ಬಿಳಿ ಅಂದರೆ ಉರಿ ಜಾಸ್ತಿಯಾಗಿದೆ, ಆ ಕಂತು ಸುಟ್ಟ ರುಚಿಯನ್ನೇ ಕೊಡುತ್ತದೆ. ಹದ ಬಂದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಹುರಿಯುತ್ತಲೇ ಹೋಗುತ್ತದೆ.

ಎರಡು ಲೋಟಕ್ಕೆ: ಹುರಿದ ಇಡಿ ಬಾರ್ಲಿ 35 ಗ್ರಾಂ (ಸುಮಾರು ಮೂರು ದೊಡ್ಡ ಚಮಚ), ನೀರು 400 ಮಿ.ಲೀ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 12 ನಿಮಿಷ. ಕೊನೆಯ ಎರಡು ನಿಮಿಷ ಇರುವಾಗ ಶುದ್ಧ ಚಿಕೋರಿ ಪುಡಿ ಒಂದು ಟೀ ಚಮಚ ಹಾಕಿ. ಇಳಿಸಿ ಐದು ನಿಮಿಷ ಬಿಡಿ, ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಹಿಂಡಬೇಡಿ, ಹಿಂಡಿದರೆ ಪಿಷ್ಟ ಕೆಳಗಿಳಿದು ಮತ್ತೆ ಅದೇ ಲೋಳೆ. ಹಾಲನ್ನು ಬೇರೆ ಕಾಯಿಸಿ, ಡಿಕಾಕ್ಷನ್‌ನ ಅರ್ಧದಷ್ಟು ಸೇರಿಸಿ. ಅದಕ್ಕಿಂತ ಹೆಚ್ಚಾದರೆ ಬಾರ್ಲಿಯ ಘಮ ಹಾಲಿನಲ್ಲಿ ಮುಳುಗಿಹೋಗುತ್ತದೆ.

ಬರೀ ಚಿಕೋರಿಯನ್ನು ಕಾಫಿ ಫಿಲ್ಟರ್‌ಗೆ ಹಾಕಲು ಹೋಗಬೇಡಿ. ಅದು ನೀರು ಹೀರಿ ಅಂಟಾಗಿ ತೂತುಗಳನ್ನೇ ಮುಚ್ಚುತ್ತದೆ, ತೊಟ್ಟೂ ಇಳಿಯುವುದಿಲ್ಲ. ಡಬ್ಬದ ಮುಚ್ಚಳ ಬಿಗಿಯಾಗಿರಲಿ, ಗಾಳಿಯ ತೇವಕ್ಕೇ ಕಲ್ಲುಗಟ್ಟುವ ಪುಡಿ ಅದು. ಒಣ ಚಮಚವನ್ನೇ ಬಳಸಿ. ಕೊಳ್ಳುವಾಗ ಪ್ಯಾಕೆಟ್ ಮೇಲೆ ‘ಕಾಫಿ-ಚಿಕೋರಿ ಮಿಶ್ರಣ’ ಅಂತಿದ್ದರೆ ಅದು ಕಾಫಿಯೇ. ಪದಾರ್ಥಗಳ ಪಟ್ಟಿಯಲ್ಲಿ ಚಿಕೋರಿ ಒಂದೇ ಇರಬೇಕು.

ಒಂದು ಎಚ್ಚರಿಕೆ: ಹೆಚ್ಚು ಹುರಿದ ಕಾಳು-ಬೇರುಗಳಲ್ಲಿ ಆಕ್ರಿಲಮೈಡ್ ಎಂಬ ಬೇಡದ ವಸ್ತು ಉಂಟಾಗುತ್ತದೆ. ಯುರೋಪಿಯನ್ ಒಕ್ಕೂಟದ 2017ರ ನಿಯಮದಲ್ಲಿ ಇದಕ್ಕೆ ಇಟ್ಟ ಮಾನದಂಡ ಮಟ್ಟ ಕಿಲೋಗೆ ಹೀಗಿದೆ: ಹುರಿದ ಕಾಫಿಗೆ 400 ಮೈಕ್ರೋಗ್ರಾಂ, ಬರೀ ಧಾನ್ಯದ ಬದಲಿಗೆ 500, ಬರೀ ಚಿಕೋರಿಯದಕ್ಕೆ 4000. ಮೇಲಿನ ಅಳತೆಯಲ್ಲಿ ಲೋಟಕ್ಕೆ ಬೀಳುವ ಚಿಕೋರಿ ಅರ್ಧ ಟೀ ಚಮಚ ಅಷ್ಟೇ, ಹೆದರಿ ಬಿಡುವ ವಿಷಯವಲ್ಲ. ಆದರೆ ಚಿಕೋರಿಯನ್ನೇ ದಿನಕ್ಕೆ ಐದು ಲೋಟ ಕುಡಿಯುವುದಕ್ಕಿಂತ ಬಾರ್ಲಿ ಮುಖ್ಯ, ಚಿಕೋರಿ ಸ್ವಲ್ಪ ಅನ್ನುವ ಲೆಕ್ಕ ಒಳ್ಳೆಯದು ಅನ್ನಲು ಇದೂ ಒಂದು ಕಾರಣ.

ಮಾಡಿಟ್ಟ ಬಾರ್ಲಿ ನೀರು ಹೊರಗಿದ್ದರೆ ಬೇಗ ಹುಳಿಯಾಗುತ್ತದೆ. ಫ್ರಿಜ್‌ನಲ್ಲಿ ಎರಡು ದಿನ, ಅಷ್ಟೇ.

---

ಕೆಂಪುಕಡ್ಡಿ

ಬೆಳಗಿನದನ್ನು ಹುರಿಗಾಳು ಅವರು ಮುಗಿಸಿದ್ದಾರೆ, ಸಂಜೆಯದು ನನಗಿರಲಿ.

ಟೀಗೆ ತೀರಾ ಹತ್ತಿರ ಬರುವುದು ರೂಯಿಬೋಸ್. ದಕ್ಷಿಣ ಆಫ್ರಿಕಾದ ಸೆಡರ್‌ಬರ್ಗ್ ಬೆಟ್ಟಪ್ರದೇಶದ ಗಿಡ, ಅವರೆ-ಬಟಾಣಿಯ ಕುಟುಂಬಕ್ಕೆ ಸೇರಿದ್ದು. ಟೀ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ, ಕೆಫೀನ್ ಸ್ವಭಾವತಃ ಇಲ್ಲ. ಹುದುಗಿಸಿದ್ದು ಕೆಂಪು, ಹುದುಗಿಸದೆ ಒಣಗಿಸಿದ್ದು ಹಸಿರು. ಹಸಿರು ರೂಯಿಬೋಸ್‌ನಲ್ಲೂ ಕೆಫೀನ್ ಇಲ್ಲ, ಹೆಸರು ನೋಡಿ ಗ್ರೀನ್ ಟೀ ಅಂದುಕೊಳ್ಳಬೇಡಿ. ಹಾಲಿಗೆ ಕೆಂಪೇ ಸರಿ.

ಎಲ್ಲರೂ ಎಡವುವುದು ಸಮಯದಲ್ಲಿ. ಟೀಯಂತೆ ಮೂರು ನಿಮಿಷಕ್ಕೆ ಸೋಸಿ ‘ಸಪ್ಪೆ’ ಅನ್ನುತ್ತಾರೆ. ಇದರಲ್ಲಿ ಒಗರು ಕೊಡುವ ಟ್ಯಾನಿನ್ ಕಡಿಮೆ, ಎಷ್ಟು ಹೊತ್ತು ಬಿಟ್ಟರೂ ಕಹಿಯಾಗುವುದಿಲ್ಲ. 200 ಮಿ.ಲೀ. ಕುದಿಯುವ ನೀರಿಗೆ 3 ಗ್ರಾಂ, ಮುಚ್ಚಿ 8ರಿಂದ 10 ನಿಮಿಷ. ಹಾಲು ಹಾಕುವುದಾದರೆ 150 ಮಿ.ಲೀ. ನೀರಿಗೆ 5 ಗ್ರಾಂ ಹಾಕಿ, ಒಲೆಯ ಮೇಲೆಯೇ ಆರೇಳು ನಿಮಿಷ ಕುದಿಸಿ, ಆಮೇಲೆ 50 ಮಿ.ಲೀ. ಬಿಸಿ ಹಾಲು. ಸೂಜಿಯಂಥ ಸಣ್ಣ ಕಡ್ಡಿಗಳು ಸಾಮಾನ್ಯ ಜರಡಿಯಲ್ಲಿ ನುಸುಳುತ್ತವೆ, ಬಟ್ಟೆ ಅಥವಾ ತೀರಾ ಸಣ್ಣ ಕಣ್ಣಿನ ಜಾಲರಿ ಬೇಕು.

ಒಗರು ಮಾತ್ರ ಇದರಲ್ಲಿ ಕಡಿಮೆ. ಆದರೆ ಹಾಲು ಬೆರೆಸಿದ ಟೀಯಲ್ಲೂ ಹಾಲಿನ ಪ್ರೋಟೀನ್ ಟ್ಯಾನಿನ್ನನ್ನು ಹಿಡಿದುಕೊಂಡು ಒಗರನ್ನು ತಗ್ಗಿಸಿಯೇ ಇರುತ್ತದೆ, ಹಾಗಾಗಿ ಹಾಲಿನ ಜತೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಇನ್ನೂ ಬೇಕೆಂದರೆ ಅರ್ಧ ಇಂಚು ಚಕ್ಕೆಯನ್ನು ಜತೆಗೆ ಕುದಿಸಿ. ದಿನವೂ ಹಾಕುವುದಾದರೆ ತೆಳು ಪದರದ ಸಿಲೋನ್ ಚಕ್ಕೆ ಇರಲಿ. ದಪ್ಪ ಕ್ಯಾಸಿಯಾ ಚಕ್ಕೆಯಲ್ಲಿ ಕೂಮರಿನ್ ಇದೆ, ಹೆಚ್ಚಾದರೆ ಯಕೃತ್ತಿಗೆ ಒಳ್ಳೆಯದಲ್ಲ.

ಹಾಲಿಲ್ಲದೆ ಕುಡಿಯುವವರಿಗೆ ದಾಸವಾಳದ ಜಾತಿಯ ಕೆಂಪು ಪುಂಡಿಯ ಹೂವಿನ ಬುಡದ, ಒಣಗಿಸಿದ ಕೆಂಪು ಪುಷ್ಪಪಾತ್ರೆ, ಅಂಗಡಿಗಳಲ್ಲಿ ಹಿಬಿಸ್ಕಸ್ ಟೀ ಅಂತ ಸಿಗುವುದು. 200 ಮಿ.ಲೀ.ಗೆ 2 ಗ್ರಾಂ, ಐದಾರು ನಿಮಿಷ. ಹುಳಿ ಇರುವುದರಿಂದ ಹಾಲು ಸೇರಿಸಿದರೆ ಒಡೆಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ. ಕುಡಿದ ಕೂಡಲೇ ಹಲ್ಲುಜ್ಜಬೇಡಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ ಸಾಕು.

ಪುದೀನ, ಕ್ಯಾಮೊಮೈಲ್, ತುಳಸಿ ಇವುಗಳಿಗೆ ಒಂದೇ ಸೂತ್ರ: ಕುದಿಸಬೇಡಿ, ಕುದಿನೀರು ಹೊಯ್ದು ಮುಚ್ಚಿ, ಐದಾರು ನಿಮಿಷ. ಘಮ ಇರುವುದು ಆವಿಯಾಗುವ ಎಣ್ಣೆಯಲ್ಲಿ, ಮುಚ್ಚದಿದ್ದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಬಿಸಿನೀರು.

ಇನ್ನು ಶುಂಠಿ. ಹಸಿ ಶುಂಠಿಯಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಇದೆ. ಉಗುರುಬೆಚ್ಚಗಿನ ಹಾಲಿಗೆ ಶುಂಠಿ ಹಾಕಿ ನಿಧಾನ ಕಾಯಿಸಿದರೆ, ಸುಮಾರು 60 ಡಿಗ್ರಿ ಆಸುಪಾಸಿನಲ್ಲಿ ಅದು ಚುರುಕಾಗಿ ಕೆಲಸ ಮಾಡಿ ಹಾಲು ಒಡೆಯುತ್ತದೆ. ಬೇಗ ಕುದಿ ಬಂದ ದಿನ ಕಿಣ್ವ ಸಾಯುತ್ತದೆ, ಹಾಲು ಉಳಿಯುತ್ತದೆ. ಕೆಲವು ಸಲ ಹೀಗೆ, ಕೆಲವು ಸಲ ಹಾಗೆ ಆಗುವ ಗುಟ್ಟು ಇದೇ. ಜಜ್ಜಿದ ಶುಂಠಿಯನ್ನು ಮೊದಲು ನೀರಿನಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿ, ನಂತರ ಬಿಸಿ ಹಾಲು ಸೇರಿಸಿ. ಹಾಲೇ ಹಳೆಯದಾಗಿ ಹುಳಿ ಹಿಡಿಯುತ್ತಿದ್ದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ.

---

ಚೀಟಿಓದಿ

ಮೇಲಿನವರು ರುಚಿ ನೋಡಿಕೊಂಡರು. ಪ್ರಶ್ನೆ ಕೇಳಿದವರಿಗೆ ಎದೆಬಡಿತದ ತೊಂದರೆ ಇದೆ ಅನ್ನುವುದನ್ನು ಮರೆಯಬಾರದು.

‘ಹರ್ಬಲ್’ ಮಿಶ್ರಣದ ಚೀಟಿಯಲ್ಲಿ ಮೊದಲು ನೋಡಬೇಕಾದ ಹೆಸರು ಜೇಷ್ಠಮಧು, ಅಂದರೆ ಅತಿಮಧುರ. ಸಿಹಿಗಾಗಿ ತುಂಬಾ ಮಿಶ್ರಣಗಳಲ್ಲಿ ಹಾಕಿರುತ್ತಾರೆ. ದಿನವೂ ಕುಡಿದರೆ ಅದರ ಗ್ಲಿಸಿರೈಝಿನ್ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೆ ಎದೆಬಡಿತ ತಪ್ಪುತ್ತದೆ. ಯಾವ ಕಾರಣಕ್ಕೆ ಕಾಫಿ ಬಿಟ್ಟಿರೋ ಅದೇ ಬೇರೆ ಬಾಗಿಲಿನಿಂದ ಒಳಗೆ ಬಂದಂತೆ. ಎರಡನೆಯದು ಸೆನ್ನಾ, ‘ಸ್ಲಿಮ್’, ‘ಡಿಟಾಕ್ಸ್’ ಟೀಗಳಲ್ಲಿ ಇರುವ ಭೇದಿ ಔಷಧ. ಅದೂ ಪೊಟ್ಯಾಸಿಯಂ ಕಳೆಯುತ್ತದೆ.

‘ಹರ್ಬಲ್’ ಎಂದರೆ ಕೆಫೀನ್ ಇಲ್ಲ ಅನ್ನುವುದೂ ತಪ್ಪು. ಯೆರ್ಬಾ ಮಾಟೆ, ಗ್ವಾಯುಸಾ, ಗ್ವಾರಾನಾ, ಕೋಲಾ ಬೀಜ, ಕಾಫಿ ಹಣ್ಣಿನ ಸಿಪ್ಪೆಯ ಟೀ, ಕೊಂಬುಚಾ (ಹುದುಗಿಸಿದ ಟೀ) ಎಲ್ಲದರಲ್ಲೂ ಕೆಫೀನ್ ಇದೆ. ತುಳಸಿ ಟೀ ಸರಿ, ‘ತುಳಸಿ ಗ್ರೀನ್ ಟೀ’ ಸರಿಯಲ್ಲ. ಒಂದು ದೊಡ್ಡ ಚಮಚ ಕೋಕೋ ಪುಡಿಯಲ್ಲಿ ಸುಮಾರು 12 ಮಿ.ಗ್ರಾಂ ಕೆಫೀನ್, ಜತೆಗೆ ಅದರ ದಾಯಾದಿ ಥಿಯೋಬ್ರೊಮಿನ್. ಹೋಲಿಕೆಗೆ: 240 ಮಿ.ಲೀ. ಕಾಫಿಯಲ್ಲಿ ಸುಮಾರು 95 ಮಿ.ಗ್ರಾಂ, ಕಪ್ಪು ಟೀಯಲ್ಲಿ ಅದರ ಅರ್ಧ, ಡಿಕ್ಯಾಫ್‌ನಲ್ಲಿ 2ರಿಂದ 15. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಸೇರಿಸಿರುತ್ತಾರೆ. ಕಾಫಿ ಬಿಟ್ಟ ತಲೆನೋವಿಗೆ ಅದನ್ನೇ ನುಂಗಿ ‘ಎಷ್ಟು ಚೆನ್ನಾಗಿ ಕೇಳಿತು’ ಅನ್ನುವವರಿದ್ದಾರೆ!

ಆ ತಲೆನೋವು ಬರುವುದೇಕೆಂದರೆ, ಕೆಫೀನ್ ಮೆದುಳಿನಲ್ಲಿ ಅಡೆನೊಸಿನ್ ಎಂಬ ನಿದ್ದೆ ತರಿಸುವ ವಸ್ತು ಕೂರಬೇಕಾದ ಜಾಗವನ್ನು ಹಿಡಿದಿರುತ್ತದೆ. ಅದು ಹೋದ ಕೂಡಲೇ ಅಡೆನೊಸಿನ್ ಪೂರ್ತಿ ಬಲದಿಂದ ಕೂರುತ್ತದೆ, ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ. ಕೊನೆಯ ಲೋಟದಿಂದ 12-24 ಗಂಟೆಯಲ್ಲಿ ಶುರು, ಒಂದೆರಡು ದಿನಕ್ಕೆ ತಾರಕ, ಎರಡರಿಂದ ಒಂಬತ್ತು ದಿನ ಇರಬಹುದು. ತಪ್ಪಿಸಲು ಲೋಟಗಳ ಲೆಕ್ಕಕ್ಕಿಂತ ಡಿಕಾಕ್ಷನ್‌ನ ಲೆಕ್ಕ ಸುಲಭ. ಕಾಫಿ ಡಿಕಾಕ್ಷನ್ ಮೂರು ಪಾಲು, ಬಾರ್ಲಿ-ಚಿಕೋರಿಯದು ಒಂದು ಪಾಲು, ನಾಲ್ಕು ದಿನದ ಮೇಲೆ ಎರಡಕ್ಕೆ ಎರಡು, ಮತ್ತೆ ನಾಲ್ಕು ದಿನಕ್ಕೆ ಒಂದಕ್ಕೆ ಮೂರು, ಆಮೇಲೆ ಸೊನ್ನೆ. ನಿಮ್ಮ ಎರಡು ವಾರಕ್ಕೆ ಇದು ಹೊಂದುತ್ತದೆ. ಸಂಜೆಯ ಟೀಯನ್ನು ಮೊದಲ ದಿನವೇ ರೂಯಿಬೋಸ್‌ಗೆ ಬದಲಿಸಿ. ಕೆಫೀನ್‌ನ ಅರ್ಧ ಭಾಗ ಇಳಿಯಲೇ ಸುಮಾರು ಐದು ಗಂಟೆ ಬೇಕು, ನಿದ್ದೆಗೆ ಅಡ್ಡ ಬರುವುದು ಆ ಕೊನೆಯ ಲೋಟವೇ.

ಮಾತ್ರೆ ತಗೊಳ್ಳುವವರು ಇಷ್ಟು ಗಮನಿಸಿ. ಬಿಪಿ ಮಾತ್ರೆ ಇದ್ದರೆ ಹಿಬಿಸ್ಕಸ್ ದಿನಾ ಬೇಡ, ಅದೂ ಒತ್ತಡ ಇಳಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ಕ್ಯಾಮೊಮೈಲ್ ಬೇಡ. ಎದೆಯುರಿ ಇದ್ದರೆ ಪುದೀನ ಅದನ್ನು ಹೆಚ್ಚಿಸಬಹುದು, ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುತ್ತದೆ. ಸೇವಂತಿಗೆ ಜಾತಿಯ ಹೂವಿಗೆ ಅಲರ್ಜಿ ಇದ್ದರೆ ಕ್ಯಾಮೊಮೈಲ್, ಚಿಕೋರಿ ಎರಡೂ ಬೇಡ, ಅವೂ ಆ ಕುಟುಂಬದವೇ. ಪಿತ್ತಕೋಶದಲ್ಲಿ ಕಲ್ಲಿದ್ದವರು ವೈದ್ಯರನ್ನು ಕೇಳದೆ ಚಿಕೋರಿ ಶುರು ಮಾಡಬಾರದು.

---

ಖಾಲಿಲೋಟ

ಎಲ್ಲರಿಗೂ ಧನ್ಯವಾದ, ಜೇಷ್ಠಮಧು ವಿಷಯ ಗೊತ್ತೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಮನೆಯಲ್ಲಿ ಒಬ್ಬರಿಗೆ ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಆಗುವುದಿಲ್ಲ, ಬಾರ್ಲಿಯನ್ನು ಸೋಸಿದರೆ ನಡೆಯುತ್ತದೆಯೇ? ಚಿಕೋರಿಯಿಂದ ಹೊಟ್ಟೆ ಉಬ್ಬರ ಆಗುತ್ತದೆ ಅನ್ನುತ್ತಾರೆ, ನಿಜವೇ?

---

ಹುರಿಗಾಳು

ನಡೆಯುವುದಿಲ್ಲ. ಸೋಸಿದರೂ, ಹುರಿದರೂ ಬಾರ್ಲಿಯ ಗ್ಲುಟೆನ್ ನೀರಿಗೆ ಬರುತ್ತದೆ. ಸೀಲಿಯಾಕ್ (ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿಗೆ ಒಂದು ಗುಟುಕೂ ಬೇಡ. ಬಾರ್ಲಿ ಹುರಿದ ಬಾಣಲೆಯನ್ನೂ, ಸೋಸಿದ ಬಟ್ಟೆಯನ್ನೂ ಅವರ ಪಾನೀಯಕ್ಕೆ ಬಳಸಬೇಡಿ. ಅವರಿಗೆ ಪಾಲಿಶ್ ಮಾಡದ ಕಂದು ಅಕ್ಕಿಯನ್ನು ಹುರಿಯಿರಿ, ಅದೇ ಅಳತೆ, ಆದರೆ ಬಾರ್ಲಿಗಿಂತ ಬೇಗ ಬಣ್ಣ ತಿರುಗುತ್ತದೆ. ಹತ್ತು ನಿಮಿಷದ ನಂತರ ಕಣ್ಣು ತೆಗೆಯಬೇಡಿ.

ಚಿಕೋರಿ ಉಬ್ಬರದ ಮಾತು ನಿಜ. ಅದರಲ್ಲಿರುವ ಇನ್ಯುಲಿನ್ ಎಂಬ ನಾರು ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುತ್ತದೆ. ಮೊದಲ ವಾರ ಇಡೀ ದಿನಕ್ಕೆ ಅರ್ಧ ಟೀ ಚಮಚ ಸಾಕು, ಹೊಟ್ಟೆ ಒಗ್ಗಿದ ಮೇಲೆ ಏರಿಸಿ. ಒಗ್ಗದಿದ್ದರೆ ಕ್ಯಾರಬ್ (ಒಂದು ಮರದ ಕಾಯಿ) ಪುಡಿ ನೋಡಿ: ಕೋಕೋದಂತೆ ಕಾಣುತ್ತದೆ, ಕೆಫೀನ್ ಇಲ್ಲ, ತಾನೇ ಸಿಹಿ ಇರುತ್ತದೆ. ಕಾಫಿಯ ಕಹಿ ಮಾತ್ರ ಅದರಲ್ಲಿ ಹುಡುಕಬೇಡಿ. 200 ಮಿ.ಲೀ.ಗೆ ಎರಡು ಟೀ ಚಮಚ. ನೇರವಾಗಿ ಹಾಲಿಗೆ ಸುರಿದರೆ ಗಂಟುಗಳಾಗುತ್ತವೆ, ಮೊದಲು ಎರಡು ಚಮಚ ಬಿಸಿನೀರಿನಲ್ಲಿ ಕಲಸಿ ಪೇಸ್ಟ್ ಮಾಡಿಕೊಳ್ಳಿ. ಪೂರ್ತಿ ಕರಗುವ ಪುಡಿಯಲ್ಲ ಅದು, ತಳದಲ್ಲಿ ಗಸಿ ನಿಲ್ಲುತ್ತದೆ. ಕೊನೆಯ ಗುಟುಕು ಬಿಟ್ಟುಬಿಡಿ.