ಒಂದು ಲೀಟರ್ ಪೆಟ್ರೋಲಿನಲ್ಲಿ ಚಕ್ರಕ್ಕೆ ಸೇರುವುದೆಷ್ಟು, ಸೋರುವುದೆಷ್ಟು?

ಹೈವೇ_ಹಕ್ಕಿ:
1.2 ಲೀಟರ್ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕಿದರೆ ಹೈವೇಯಲ್ಲಿ 80ರ ವೇಗಕ್ಕೆ ಲೀಟರಿಗೆ 19 ಕಿ.ಮೀ., ಬೆಂಗಳೂರಿನ ಒಳಗೆ 11. ಪೆಟ್ರೋಲಿನ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಮಾತ್ರ ಚಕ್ರ ತಲುಪುತ್ತದೆ ಅನ್ನುತ್ತಾರೆ, ನಿಜವೇ? ಮಿಕ್ಕದ್ದು ಯಾವ ಯಾವ ದಾರಿಯಲ್ಲಿ ಹೋಗುತ್ತದೆ, ಅದರಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು? ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯವೇ?

ಸ್ಪಾರ್ಕ್_ಪ್ಲಗ್:
ನಿಜ. ನಿಮ್ಮದೇ ಅಂಕಿ ಹಿಡಿದು ನೋಡೋಣ. ಈಗ ಬಂಕಿನಲ್ಲಿ ಸಿಗುವ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು 30 ಮೆಗಾಜೌಲ್ ಶಕ್ತಿ ಇದೆ (ಎಥನಾಲ್ ಬೆರೆಸದ ಪೆಟ್ರೋಲಿನಲ್ಲಿ 32ರ ಹತ್ತಿರ). ಲೀಟರಿಗೆ 19 ಎಂದರೆ 100 ಕಿ.ಮೀ.ಗೆ 5.3 ಲೀಟರ್, ಅಂದರೆ 158 ಮೆಗಾಜೌಲ್.

ಇನ್ನು ಚಕ್ರಕ್ಕೆ ಬೇಕಾದದ್ದು. ಜನ ಸೇರಿ 1100 ಕೆ.ಜಿ. ತೂಗುವ ಸಣ್ಣ ಕಾರಿಗೆ 80ರಲ್ಲಿ ಗಾಳಿ ಒಡ್ಡುವ ತಡೆ ಸುಮಾರು 190 ನ್ಯೂಟನ್, ಟೈರ್ ಉರುಳುವ ತಡೆ ಸುಮಾರು 115. ಎರಡೂ ಸೇರಿ 305. ಇದನ್ನು 100 ಕಿ.ಮೀ. ಎಳೆಯಲು 30.5 ಮೆಗಾಜೌಲ್ ಸಾಕು. ಹೆಚ್ಚುಕಡಿಮೆ ಒಂದೇ ಲೀಟರಿನ ಶಕ್ತಿ! ಸುಟ್ಟದ್ದು 5.3 ಲೀಟರ್.

ಉಳಿದ 127ರಲ್ಲಿ, ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 50ರಷ್ಟು ಸೈಲೆನ್ಸರಿನಲ್ಲಿ ಬಿಸಿಹೊಗೆಯಾಗಿ, 45ರಷ್ಟು ರೇಡಿಯೇಟರ್ ಮತ್ತು ಇಂಜಿನ್ ಮೈಯಿಂದ ಹೋಗುತ್ತದೆ. ಪಿಸ್ಟನ್ ರಿಂಗ್, ಬೇರಿಂಗ್, ಆಯಿಲ್ ಪಂಪ್, ಗಾಳಿ ಎಳೆದುಕೊಳ್ಳುವ ಕೆಲಸಕ್ಕೆ 25ರಷ್ಟು. ಗೇರ್‌ಬಾಕ್ಸ್, ಆಲ್ಟರ್ನೇಟರ್ ಮಿಕ್ಕದ್ದನ್ನು ತಿನ್ನುತ್ತವೆ.

ಹೊಗೆ ಮತ್ತು ರೇಡಿಯೇಟರಿನ ಶಾಖ ಕೆಟ್ಟ ಇಂಜಿನ್ನಿನ ಗುರುತಲ್ಲ. ಶಾಖದಿಂದ ಕೆಲಸ ತೆಗೆಯುವ ಯಾವ ಯಂತ್ರವೂ ಒಂದು ಪಾಲನ್ನು ಹೊರಗೆ ಚೆಲ್ಲಲೇಬೇಕು. ಟೊಯೋಟಾದ ಹೈಬ್ರಿಡ್ ಇಂಜಿನ್‌ಗಳೂ ತಮ್ಮ ಅತ್ಯುತ್ತಮ ಹದದಲ್ಲಿ ಮುಟ್ಟಿರುವುದು ಶೇ. 40ರ ಆಸುಪಾಸು.

ನಿಮ್ಮ ಕಾರಿನಲ್ಲಿ ಚಕ್ರ ತಲುಪುವ ಪಾಲು ಶೇ. 19ಕ್ಕೆ (158ರಲ್ಲಿ 30.5) ಇಳಿಯಲು ಮುಖ್ಯ ಕಾರಣ ಇಂಜಿನ್ ಅರೆಹೊಟ್ಟೆಯಲ್ಲಿ ಓಡುವುದು. 80ರಲ್ಲಿ ಚಕ್ರಕ್ಕೆ ಬೇಕಿರುವುದು 9 ಅಶ್ವಶಕ್ತಿ, ಇಂಜಿನ್ ಕೊಡಬಲ್ಲದ್ದು 80. ಆದ್ದರಿಂದ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಬಹುಪಾಲು ಮುಚ್ಚಿಯೇ ಇರುತ್ತದೆ. ಸಿರಿಂಜಿನ ಬಾಯಿಗೆ ಬೆರಳಿಟ್ಟು ಹಿಂದಕ್ಕೆ ಎಳೆದು ನೋಡಿ, ಆ ಬಿಗಿತವನ್ನೇ ಪ್ರತಿ ಪಿಸ್ಟನ್ ಪ್ರತಿ ಸಲ ಎಳೆಯಬೇಕು. ಮೇಲಿನ ಗೇರಿಗೆ ಬೇಗ ಹೋದರೆ ಥ್ರಾಟಲ್ ಹೆಚ್ಚು ತೆರೆಯುತ್ತದೆ, ಸುತ್ತು ಕಡಿಮೆಯಾಗುತ್ತದೆ, ಎರಡೂ ಲಾಭ. ಇಂಜಿನ್ ನಡುಗುವಷ್ಟು ಕೆಳಗಿನ ಸುತ್ತಿನಲ್ಲಿ ಒತ್ತಬೇಡಿ, ನಾಕಿಂಗ್ (ಪೆಟ್ರೋಲ್ ಹದತಪ್ಪಿ ಸಿಡಿದು ಬರುವ ಟಕಟಕ ಸದ್ದು) ಶುರುವಾಗುತ್ತದೆ. ಡೀಸೆಲ್‌ನಲ್ಲಿ ಗಾಳಿಯನ್ನು ಹೀಗೆ ಕಟ್ಟಿಹಾಕಿ ಶಕ್ತಿ ಕಡಿಮೆ ಮಾಡುವುದಿಲ್ಲ. ಹಗುರ ಓಟದಲ್ಲಿ ಅದು ಮುಂದಿರಲು ಇದೂ ಒಂದು ಕಾರಣ.

ಚಕ್ರದಲ್ಲಿ 1 ಉಳಿಸಿದರೆ ಟ್ಯಾಂಕಿನಲ್ಲಿ 5 ಉಳಿಯುತ್ತದೆ, ಅದಕ್ಕೇ ಟೈರ್ ಗಾಳಿ ಮತ್ತು ವೇಗದ ಕಡೆ ಮೊದಲು ಗಮನ ಕೊಡಿ.

ಘಾಟಿ_ಗೇರ್:
ಮೇಲಿನ ಲೆಕ್ಕ ಸರಿ, ಕೊನೆಯ ಸಾಲಿಗೆ ಒಂದು ತಿದ್ದುಪಡಿ. 5 ಅಲ್ಲ, 3ರ ಹತ್ತಿರ. ಇಂಜಿನ್ ಒಳಗಿನ ತಿಕ್ಕಾಟ ಹೊರೆ ಕಡಿಮೆಯಾದರೂ ಅಷ್ಟೇ ಇರುತ್ತದೆ. ಆದರೂ 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ 190ರಿಂದ 297 ನ್ಯೂಟನ್‌ಗೆ ಏರುತ್ತದೆ, 100 ಕಿ.ಮೀ.ಗೆ ಸುಮಾರು ಒಂದು ಲೀಟರ್ ಹೆಚ್ಚು.

ಊರೊಳಗೆ ಗಾಳಿಯ ಲೆಕ್ಕವೇ ಬೇಡ. ಅಲ್ಲಿ ಶಕ್ತಿ ಹೋಗುವುದು ಬ್ರೇಕಿಗೆ. 40ರಲ್ಲಿ ಓಡುವ ಈ ಕಾರಿನ ಚಲನಶಕ್ತಿ 68 ಕಿಲೋಜೌಲ್. ಬ್ರೇಕ್ ಒತ್ತಿ ನಿಲ್ಲಿಸಿದರೆ ಅಷ್ಟೂ ಡಿಸ್ಕಿನಲ್ಲಿ ಶಾಖ. ಮತ್ತೆ 40ಕ್ಕೆ ತರಲು ಸುಮಾರು 8 ಮಿ.ಲೀ. ಪೆಟ್ರೋಲ್. ಕಿ.ಮೀ.ಗೆ ಎರಡು ಸಲ ನಿಂತರೆ 100 ಕಿ.ಮೀ.ಗೆ 1.6 ಲೀಟರ್. ಸಿಗ್ನಲಿನಲ್ಲಿ ಎಸಿ ಹಾಕಿಕೊಂಡು ನಿಂತ ಇಂಜಿನ್ ಗಂಟೆಗೆ 0.8 ಲೀಟರಿನಷ್ಟು ಕುಡಿಯುತ್ತದೆ. ಅಂಥ ಒಂದೂವರೆ ಗಂಟೆ ಸೇರಿದರೆ ಇನ್ನೂ 1.2. ನಿಮ್ಮ 19 ಮತ್ತು 11ರ ನಡುವಿನ ಅಂತರ 3.8 ಲೀಟರ್, ಅದರ ಮುಕ್ಕಾಲು ಭಾಗ ಈ ಎರಡರಲ್ಲೇ ಸಿಕ್ಕಿತು. ಮುಂದೆ ಕೆಂಪು ದೀಪ ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು ಯಾವ ಪೆಟ್ರೋಲ್ ಅಡಿಟಿವ್‌ಗಿಂತಲೂ ದೊಡ್ಡ ಉಳಿತಾಯ.

ಘಾಟಿಯ ವಿಷಯ. ಮಂಗಳೂರಿನಿಂದ ಸಕಲೇಶಪುರಕ್ಕೆ ಏರಿಕೆ ಸುಮಾರು 900 ಮೀಟರ್. ಅಷ್ಟು ಎತ್ತರಕ್ಕೆ ಕಾರನ್ನು ಎತ್ತಲು 9.7 ಮೆಗಾಜೌಲ್, ಟ್ಯಾಂಕಿನಿಂದ ಅದರ ಮೂರು ಪಟ್ಟು, ಅಂದರೆ ಸಮತಟ್ಟಿನ ಖರ್ಚಿನ ಮೇಲೆ ಒಂದು ಲೀಟರ್. ಶಿರಾಡಿ ಇಳಿಯುವಾಗ ಅದೇ 9.7 ಎಲ್ಲಾದರೂ ಕರಗಬೇಕು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಪೂರ್ತಿ ಮುಚ್ಚಿಕೊಳ್ಳುತ್ತದೆ, ಖರ್ಚು ಸೊನ್ನೆ; ಇಂಜಿನ್ನಿನ ಸುತ್ತು ನಿಮಿಷಕ್ಕೆ 1200-1500ಕ್ಕೆ ಇಳಿದ ಮೇಲೆ ಮತ್ತೆ ತೆರೆಯುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ನಿಮಿಷಕ್ಕೆ 10 ಮಿ.ಲೀ. ಸುಡಲೇಬೇಕು. ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್‌ ಕಾರು ಹೆಚ್ಚು ದೂರ ಉರುಳುವುದು ನಿಜ, ಆದರೆ ಘಾಟಿಯಲ್ಲಿ ಇಂಜಿನ್ ಹಿಡಿತವಿಲ್ಲದೆ ಇಡೀ ಶಾಖ ಬ್ರೇಕಿನ ಮೇಲೆ ಬೀಳುತ್ತದೆ. ಹಳೇ ಬ್ರೇಕ್ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಇಂಜಿನ್ ಆಫ್ ಮಾಡಿದರೆ ಬ್ರೇಕ್ ಬೂಸ್ಟರಿನ ನಿರ್ವಾತ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಸ್ಟೀರಿಂಗೂ ಬಿಗಿಯಾಗುತ್ತದೆ. ದಯವಿಟ್ಟು ಮಾಡಬೇಡಿ. ಎರಡನೆಯದೋ ಮೂರನೆಯದೋ ಗೇರಿನಲ್ಲಿ ಇಳಿಯಿರಿ.

ಗ್ರೀಸ್_ಕೈ:
ಗಾಡಿಯಲ್ಲಿ ನೋಡಬೇಕಾದ್ದು ಇಷ್ಟು. ಟೈರ್ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ, ಡ್ರೈವರ್ ಬಾಗಿಲ ಬದಿಯ ಸ್ಟಿಕರಿನಲ್ಲಿ ಇರುವಷ್ಟೇ ಹಾಕಿಸಿ. ಸ್ವಲ್ಪ ದೂರ ಬ್ರೇಕ್ ಕಡಿಮೆ ಬಳಸಿ ಓಡಿಸಿ ನಿಲ್ಲಿಸಿ, ನಾಲ್ಕೂ ವೀಲ್‌ಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಹಿಡಿದುಕೊಂಡಿರಬಹುದು. ಜಾಕ್ ಹಾಕಿ ಕೈಯಲ್ಲಿ ತಿರುಗಿಸಿದರೆ ಖಚಿತವಾಗುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಬಿತ್ತು ಅನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಗಾಡಿಯಲ್ಲಿ ಎಳೆತ ಕುಗ್ಗುತ್ತದೆ, ಮೈಲೇಜ್ ಅಷ್ಟಾಗಿ ಬದಲಾಗದು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಸಿಕ್ಕರೆ ಹೈವೇಯಲ್ಲಿ ಕೂಲಂಟ್ (ಇಂಜಿನ್ ತಣಿಸುವ ದ್ರವ) ಎಷ್ಟು ಡಿಗ್ರಿ ಇದೆ ನೋಡಿ ಹೇಳಿ.

ಹೈವೇ_ಹಕ್ಕಿ:
ಅರ್ಧ ಗಂಟೆ ಓಡಿದ ಮೇಲೂ 68 ಡಿಗ್ರಿ. ನಿಂತರೆ ಮಾತ್ರ ಏರುತ್ತದೆ.

ಗ್ರೀಸ್_ಕೈ:
ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲಷ್ಟೇ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದೇ ನಿಂತಿದೆ, ಇಲ್ಲವೇ ಯಾರೋ ತೆಗೆದುಹಾಕಿದ್ದಾರೆ. ಗಾಡಿ ಬಿಸಿಯಾಗದಿರಲಿ ಎಂದು ತೆಗೆದುಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ, ಅದು ತಪ್ಪು. ಇಂಜಿನ್ 85-95ಕ್ಕೆ ಬರಬೇಕು. ಬರದಿದ್ದರೆ ಆಯಿಲ್ ದಪ್ಪವಾಗಿಯೇ ಇರುತ್ತದೆ, ತಿಕ್ಕಾಟ ಹೆಚ್ಚು. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನೂ ಹೆಚ್ಚು ಬಿಡಬಹುದು. ಸ್ಕ್ಯಾನರಿನಲ್ಲಿ ಪಿ0128 (ಕೂಲಂಟ್ ಸಾಕಷ್ಟು ಬಿಸಿಯಾಗಿಲ್ಲ ಎನ್ನುವ) ಕೋಡ್ ಇದೆಯೇ ನೋಡಿ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಇಳಿಸಿ, ಹಳೆಯದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತಣ್ಣಗಿರುವಾಗಲೇ ವಾಲ್ವಿನಲ್ಲಿ ಸಂದು ಕಂಡರೆ ಅದೇ ಕಳ್ಳ. ಹೊಸದಕ್ಕೆ ಹೊಸ ರಬ್ಬರ್ ರಿಂಗ್ ಹಾಕಿ, ಗಾಳಿ ಬಿಡುವ ಸಣ್ಣ ಪಿನ್ ಮೇಲ್ಮುಖವಾಗಿರಲಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಪಾಲು, ರೆಡಿಮಿಕ್ಸ್ ಆದರೆ ನೀರು ಬೇಡ. ಮುಚ್ಚಳ ತೆರೆದಿಟ್ಟೇ ಇಂಜಿನ್ ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ತುಂಬಿಸುತ್ತಾ ಹೋಗಿ, ಮುಚ್ಚಳ ಹಾಕಿ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವುದನ್ನು ಕಾಯಿರಿ. ಮರುದಿನ ತಣ್ಣಗಿರುವಾಗ ಮಟ್ಟ ನೋಡಿ. ಎರಡು ಟ್ಯಾಂಕ್ ಓಡಿಸಿ 19 ಎಷ್ಟಾಯಿತು ಎಂದು ಇಲ್ಲೇ ಬರೆಯಿರಿ.