ಕಿಚನ್ ಬಾಕ್ಸ್ ಗೋಡೆಗೆ ಕೂರುತ್ತಿಲ್ಲ, ಕಂಪನಿ ಬದಲಿಸಲಾ?

ಹಳೇಗೋಡೆ: ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದೇನೆ. ದುಡ್ಡು ಕಮ್ಮಿ, ಅದಕ್ಕೇ ಬಿಡಿಬಿಡಿಯಾಗಿ ಬರುವ, ನಾವೇ ಜೋಡಿಸಿಕೊಳ್ಳುವ ಕಿಚನ್ ಸಾಕು ಅಂದುಕೊಂಡೆ. ಪೂರ್ತಿ ಆರ್ಡರ್ ಕೊಡುವ ಮುಂಚೆ ನೋಡೋಣ ಅಂತ 600 ಮಿ.ಮೀ. ಅಗಲದ ಕೆಳಗಿನ ಬಾಕ್ಸ್ (ಕೌಂಟರ್ ಕೆಳಗೆ ಇಡುವ ಕಪಾಟು) ಒಂದನ್ನು ತರಿಸಿದೆ. ಜೋಡಿಸಿದ್ದೆಲ್ಲ ಸರಿ ಇದೆ, ಆದರೆ ಗೋಡೆಗೆ ಅಂಟಿ ಕೂರುವುದೇ ಇಲ್ಲ, ಎಷ್ಟು ತಳ್ಳಿದರೂ ಮುಂದಕ್ಕೇ ನಿಲ್ಲುತ್ತೆ. ಅಗ್ಗದ್ದು ಅಂತ ಅಳತೆಯಲ್ಲೂ ಕಂಜೂಸಿ ಮಾಡ್ತಾರಾ? ಇನ್ನೊಂದು ಕಂಪನಿಯದು ಸ್ವಲ್ಪ ಜಾಸ್ತಿ, ಅದನ್ನೇ ತಗೊಳ್ಳಲಾ? ಬೇಗ ಹೇಳಿ, ಆಫರ್ ಮುಗಿಯುತ್ತೆ.

ಮೂಲೆಮಟ್ಟ: ಬಾಕ್ಸ್ ಸೊಟ್ಟಗಿದೆ, ಅಷ್ಟೇ. ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ನೋಡಿ, ಎರಡೂ ಕಡೆ ಒಂದೇ ಬರಬೇಕು.

ಹಳೇಗೋಡೆ: ಒಂದೇ ಬಂತು.

ಮೂಲೆಮಟ್ಟ: ಹಿಂದಿನ ಹಲಗೆ ಬಿಚ್ಚಿ ಮತ್ತೆ ಹೊಡೆಯಿರಿ. ಕ್ಯಾಮ್ ಲಾಕ್ (ಹಲಗೆಗಳನ್ನು ತಿರುಗಿಸಿ ಬಿಗಿಯುವ ಗುಂಡಿ) ಪೂರ್ತಿ ತಿರುಗಿಸದೆ ಹಲಗೆ ಹೊಡೆದಿರುತ್ತೀರಿ. ತೆಳ್ಳಗಿನ 3 ಮಿ.ಮೀ. ಹಲಗೆಯಾದರೆ ಅದು ಬಾಕ್ಸನ್ನು ಅಷ್ಟು ಗಟ್ಟಿಯಾಗಿ ಹಿಡಿದು ನಿಲ್ಲಿಸುವುದೂ ಇಲ್ಲ.

ಪ್ಲೈಪಕ್ಷ: ಪ್ಲೈವುಡ್ ಬಿಟ್ಟು ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟಿಸಿ ಒತ್ತಿ ಮಾಡಿದ ಹಲಗೆ) ತಂದರೆ ಹೀಗೇ. ನೀರು ಬಿದ್ದ ಮೇಲೆ ಇನ್ನೂ ಇದೆ ನಿಮಗೆ.

ಅಂಚುಪಟ್ಟಿ: ಪ್ಲೈ ಅವರೇ, ಯಾರು ಏನೇ ಕೇಳಲಿ ನಿಮ್ಮದು ಇದೇ ರಾಗ. ಬೋರ್ಡಿನ ಮುಖಕ್ಕೆ ನೀರು ತಡೆಯುವ ಮೆಲಮೈನ್ ಪದರ ಇರುತ್ತೆ, ನೀರು ಕುಡಿಯುವುದು ಅಂಚು. ಸಿಂಕ್ ಕೆಳಗೆ ಪೈಪಿಗೆ ತೂತು ಕೊರೆದು, ಆ ಅಂಚಿಗೆ ಸಿಲಿಕೋನ್ ಬಳಿಯದೆ ಬಿಟ್ಟು, ಆಮೇಲೆ ಬೋರ್ಡನ್ನು ಬೈಯುತ್ತಾರೆ.

ಪ್ಲೈಪಕ್ಷ: ಆ ಬೋರ್ಡಿನ ಸ್ಕ್ರೂ ಎರಡು ಸಲ ಬಿಚ್ಚಿ ಹಾಕಿ, ಹಿಡಿತ ಉಳಿಯುತ್ತಾ ನೋಡಿ, ಆಮೇಲೆ ಮಾತಾಡಿ.

ಅಂಚುಪಟ್ಟಿ: ಸುಮ್ನೆ ಯಾಕೆ ಬಿಚ್ಚಬೇಕು? ಬಾಗಿಲು ಸರಿ ಮಾಡೋಕೆ ಹಿಂಜ್‌ನಲ್ಲೇ ತಿರುಪು ಇರುತ್ತೆ.

ಡ್ರಾಯರ್‌ಪ್ರೇಮಿ: ನಾನು ಕೆಳಗಡೆ ಬಾಗಿಲನ್ನೇ ಇಟ್ಟಿಲ್ಲ! ಎಲ್ಲ ಡ್ರಾಯರ್, ಪೂರ್ತಿ ಹೊರಗೆ ಬರೋ ಚಾನೆಲ್, ಸಾಫ್ಟ್ ಕ್ಲೋಸ್. ಕಿರುಬೆರಳಲ್ಲಿ ತಳ್ಳಿದರೂ ಸದ್ದಿಲ್ಲದೆ ಒಳಗೆ ಹೋಗುತ್ತೆ. ಫೋಟೋ ಬೇಕಾ?

ಟೇಪ್‌ಹಿಡಿ: ಆ ಗೋಡೆ ಮೇಲೆ ಏನಾದರೂ ಹಾದುಹೋಗಿದೆಯಾ?

ಹಳೇಗೋಡೆ: ನೀರಿನ ಪೈಪ್ ಇದೆ, ನೆಲದಿಂದ ಒಂದು ಗೇಣು ಮೇಲೆ, ಗೋಡೆಯ ಉದ್ದಕ್ಕೂ. ಪೈಪ್ ಎಲ್ಲರ ಮನೆಯಲ್ಲೂ ಇರುತ್ತಲ್ವಾ?

ಟೇಪ್‌ಹಿಡಿ: ಇದನ್ನು ಮೊದಲೇ ಹೇಳಬಾರದಾ ಮಾರಾಯರೇ! ಕೆಲವು ಬಾಕ್ಸ್‌ಗಳಲ್ಲಿ ಹಿಂದಿನ ಹಲಗೆ ತುದಿಯಲ್ಲೇ ಇರುತ್ತೆ, ಪೈಪಿಗೆ ಜಾಗವೇ ಇಲ್ಲ. ಇನ್ನು ಕೆಲವರು ಅದನ್ನು ಸುಮಾರು 50 ಮಿ.ಮೀ. ಒಳಗೆ ಕೂರಿಸುತ್ತಾರೆ. ಪಕ್ಕದ ಹಲಗೆಯಲ್ಲಿ ಒಂದು ಕಚ್ಚು ಕೊಯ್ದರೆ ಪೈಪ್ ಆ ಸಂದಿಯಲ್ಲಿ ಹೋಗುತ್ತೆ. ನಿಮ್ಮದು ಮೊದಲನೇ ಥರ. ಇದನ್ನೇ ಇಟ್ಟುಕೊಳ್ಳೋದಾದರೆ ಗೋಡೆಗೆ ಮರದ ಪಟ್ಟಿ ಹೊಡೆದು ಇಡೀ ಸಾಲನ್ನು ಮುಂದಕ್ಕೆ ತರಬೇಕು, ಆಗ ಮೇಲೆ ಹಾಸುವ ಕೌಂಟರ್ 600 ಮಿ.ಮೀ. ಆಳದ್ದು ಸಾಲಲ್ಲ, 650 ಬೇಕಾಗುತ್ತೆ. ಆ ಖರ್ಚನ್ನೂ ಸೇರಿಸಿ ನೋಡಿ, ಅಗ್ಗದ್ದು ಅಗ್ಗವಾಗಿ ಉಳಿಯುತ್ತಾ ಅಂತ. ಇನ್ನೊಂದು ಕಂಪನಿಯದನ್ನು ಡ್ರಾಯಿಂಗ್‌ನಲ್ಲಿ ನೋಡಿ, ಬ್ರೋಷರ್ ಫೋಟೋದಲ್ಲಿ ಬೆನ್ನು ಕಾಣಲ್ಲ.

ಮೂಲೆಮಟ್ಟ: ಪೈಪ್ ಇರಲಿ, ಒಂದ್ಸಲ ಹಲಗೆ ಬಿಚ್ಚಿ ನೋಡೋಕೆ ಏನು ಕಷ್ಟ?

ಹಳೇಗೋಡೆ: ಡ್ರಾಯಿಂಗ್ ನೋಡಿದೆ. ಆ ಇನ್ನೊಂದು ಕಂಪನಿಯವರ ಸಂದಿ 40 ಮಿ.ಮೀ. ನನ್ನ ಪೈಪ್ ಕ್ಲಾಂಪ್ ಸಮೇತ 45. ಈಗೇನು ಮಾಡಲಿ?

ಡ್ರಾಯರ್‌ಪ್ರೇಮಿ: ಫೋಟೋ ಹಾಕಿದ್ದೇನೆ. ಮೂರನೇದು ನೋಡಿ, ಡ್ರಾಯರ್ ಒಳಗೇ ಇನ್ನೊಂದು ಡ್ರಾಯರ್!