"ಪವರ್ ಆನ್ ಆಗುತ್ತದೆ" ಅಂದರೆ ಏನರ್ಥ? ಹಳೆಯ ಆಂಪ್‌ಗೆ ಬಿಡ್ ಹಾಕಲಾ, ಬೇಡವಾ?

ಹೊಸ ಕೇಳುಗ

ಎಲ್ಲರಿಗೂ ನಮಸ್ಕಾರ. ಒಂದು ಆನ್‌ಲೈನ್ ಹರಾಜಿನಲ್ಲಿ ಸ್ಯಾನ್ಸುಯಿ ಕಂಪನಿಯ ಆಂಪ್ಲಿಫೈಯರ್ (ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್) ಮತ್ತು ಅದರ ಜೋಡಿ ಟ್ಯೂನರ್ (ರೇಡಿಯೋ) ಕಣ್ಣಿಗೆ ಬಿದ್ದಿವೆ. ಎರಡೂ 1970ರ ದಶಕದ ಕೊನೆಯವು. ಜಪಾನಿನಿಂದ ಬರಬೇಕು. ಕಪ್ಪು ಮುಖ, ದೊಡ್ಡ ವಾಲ್ಯೂಮ್ ನಾಬ್. ನೋಡಿದ ಕೂಡಲೇ ಬೇಕು ಅನ್ನಿಸಿತು.

ವಿವರಣೆಯಲ್ಲಿ ಇರುವುದು ಇಷ್ಟೇ: "ಪವರ್ ಆನ್ ಆಗುತ್ತದೆ. ಬೇರೆ ಪರೀಕ್ಷೆ ಮಾಡಿಲ್ಲ. ವಾಪಸ್ ಇಲ್ಲ." ಐದು ಫೋಟೋ ಇವೆ, ಐದೂ ಮುಂಭಾಗದವು. ಮಾರುವವರ ರೇಟಿಂಗ್ ತುಂಬಾ ಚೆನ್ನಾಗಿದೆ. ಆದರೆ ಅವರು ಇದುವರೆಗೆ ಮಾರಿರುವುದು ಬಟ್ಟೆ, ಆಟಿಕೆ, ಕೈಗಡಿಯಾರ. ಹರಾಜು ಮುಗಿಯಲು ನಾಲ್ಕು ದಿನ ಇದೆ. ಬಿಡ್ ಹಾಕಲಾ?

ಬೆಸುಗೆ

ಈಗಿರುವ ಮಾಹಿತಿ ನೋಡಿದರೆ ಬೇಡ. ನಾನು ಹಳೆಯ ಆಂಪ್‌ಗಳ ರಿಪೇರಿ ಮಾಡುತ್ತೇನೆ. "ಪವರ್ ಆನ್ ಆಗುತ್ತದೆ" ಅಂದರೆ ಒಂದು ದೀಪ ಹತ್ತಿಕೊಂಡಿತು ಅಂತ ಮಾತ್ರ. ಸ್ಪೀಕರ್ ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿರುವ ಆಂಪ್‌ನಲ್ಲೂ ಆ ದೀಪ ಹತ್ತಬಹುದು.

ರೇಟಿಂಗ್ ವಿಷಯ. ಒಳ್ಳೆಯ ರೇಟಿಂಗ್ ಇದ್ದರೆ ಅವರು ಹಣ ತೆಗೆದುಕೊಂಡು ಸರಿಯಾಗಿ ಕಳಿಸುತ್ತಾರೆ ಅಂತ ಗೊತ್ತಾಗುತ್ತದೆ. 15–20 ಕೆಜಿ ತೂಕದ ಆಂಪ್ ಅನ್ನು ಹೇಗೆ ಕಟ್ಟಬೇಕು ಅಂತ ಅವರಿಗೆ ಗೊತ್ತಿದೆಯಾ ಅನ್ನುವುದು ಗೊತ್ತಾಗುವುದಿಲ್ಲ. ಆಟಿಕೆ ಕಳಿಸಿ ಗಳಿಸಿದ ನಕ್ಷತ್ರಗಳು ಆಂಪ್‌ಗೆ ಲೆಕ್ಕಕ್ಕೆ ಬರುವುದಿಲ್ಲ.

ಹಳೇ ಸೂಜಿ

ಬೆಸುಗೆ ಅವರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಒಪ್ಪುವುದಿಲ್ಲ ಅನ್ನುತ್ತೇನೆ. ನನ್ನ ಮನೆಯಲ್ಲಿರುವ ಅತಿ ಒಳ್ಳೆಯ ಮೂರು ಸೆಟ್‌ಗಳೂ "ಪರೀಕ್ಷೆ ಮಾಡಿಲ್ಲ" ಅಂತ ಬರೆದಿದ್ದವೇ. ಎಲ್ಲಾ ಪರೀಕ್ಷೆ ಮಾಡಿ, ಒರೆಸಿ, ಹೊಳೆಯುವ ಹಾಗೆ ಮಾಡಿ ಮಾರುವವರು ಆ ಕೆಲಸದ ಬೆಲೆಯನ್ನೂ ಸೇರಿಸಿಯೇ ಮಾರುತ್ತಾರೆ.

ನನ್ನ ಲೆಕ್ಕ ಸರಳ. ಪರೀಕ್ಷೆ ಮಾಡಿಲ್ಲ ಅಂದರೆ ಕೆಟ್ಟಿದೆ ಅಂತಲೇ ಇಟ್ಟುಕೊಳ್ಳಿ. ಕೆಟ್ಟ ಆಂಪ್‌ಗೆ ಎಷ್ಟು ಕೊಡುತ್ತೀರೋ ಅಷ್ಟೇ ಬಿಡ್ ಹಾಕಿ. ಅದು ಹಾಡಿದರೆ ಸಂತೋಷ, ಹಾಡದಿದ್ದರೆ ನಷ್ಟವಿಲ್ಲ.

ಇನ್ನೊಂದು ಮಾತು. "ಪೂರ್ತಿ ರೀಕ್ಯಾಪ್ ಆಗಿದೆ" (ಕರೆಂಟ್ ಕೂಡಿಟ್ಟುಕೊಳ್ಳುವ ಕ್ಯಾಪಾಸಿಟರ್‌ಗಳನ್ನೆಲ್ಲಾ ಬದಲಿಸಿದೆ) ಅಂತ ಬರೆದಿರುವುದನ್ನು ಕಂಡರೆ ನನಗೆ ಜಾಸ್ತಿ ಭಯ. ಯಾರೂ ಮುಟ್ಟದ ಆಂಪ್ ಕೆಟ್ಟಿದ್ದರೂ ವಯಸ್ಸಾಗಿ ಕೆಟ್ಟಿರುತ್ತದೆ, ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ. ಕಲಿಯುವವರು ಯಾರೋ ಕೈಯಾಡಿಸಿದ್ದರೆ ತಪ್ಪು ಎಲ್ಲಿ ಬೇಕಾದರೂ ಇರಬಹುದು. ಬೋರ್ಡ್‌ನಿಂದ ಕಿತ್ತುಬಂದ ತಾಮ್ರ, ಉಲ್ಟಾ ಹಾಕಿದ ಕ್ಯಾಪಾಸಿಟರ್ ಎಲ್ಲಾ ನೋಡಿದ್ದೇನೆ.

ಬೆಸುಗೆ

ರೀಕ್ಯಾಪ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಒಳಗಿನ ಫೋಟೋ ಮತ್ತು ಬದಲಿಸಿದ ಬಿಡಿಭಾಗಗಳ ಪಟ್ಟಿ ಕೊಡದಿದ್ದರೆ ಆ ಮಾತಿಗೆ ಒಂದು ಪೈಸೆಯೂ ಜಾಸ್ತಿ ಕೊಡಬಾರದು.

ಆದರೆ "ಕೆಟ್ಟ ಆಂಪ್‌ನ ಬೆಲೆ" ಅನ್ನುವ ಲೆಕ್ಕ ಎಲ್ಲಾ ಆಂಪ್‌ಗೂ ಹೊಂದುವುದಿಲ್ಲ. ಬಿಡಿಭಾಗ ಸಿಗುತ್ತದಾ ಅನ್ನುವುದೇ ಮೊದಲ ಪ್ರಶ್ನೆ. ಒಣಗಿದ ಎಲೆಕ್ಟ್ರೋಲಿಟಿಕ್ ಕ್ಯಾಪಾಸಿಟರ್, ಕೊಳೆಯಾದ ಸ್ವಿಚ್, ಸೋತ ರಿಲೇ (ತಾನಾಗಿ ಕೆಲಸ ಮಾಡುವ ಸ್ವಿಚ್) ಇವೆಲ್ಲಾ ಇವತ್ತಿಗೂ ಸರಿಹೋಗುತ್ತವೆ. ಸೋನಿ 1970ರ ದಶಕದ ಮಧ್ಯದಲ್ಲಿ ಟಿಎ-5650 ತರಹದ ಆಂಪ್‌ಗಳಿಗೆ ವಿ-ಫೆಟ್ ಎಂಬ ಟ್ರಾನ್ಸಿಸ್ಟರ್ ಹಾಕಿತ್ತು. ಅದರ ತಯಾರಿಕೆ ನಿಂತು ಎಷ್ಟೋ ಕಾಲ ಆಯಿತು. ಅದು ಸುಟ್ಟರೆ ಇನ್ನೊಂದು ಸತ್ತ ಆಂಪ್‌ನಿಂದಲೇ ಕಿತ್ತು ತರಬೇಕು. ಹಳೆಯ ನಂಬರಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಎಷ್ಟೋ ಸಲ ನಕಲಿ ಬರುತ್ತವೆ. ಮೇಲೆ ಹಳೆಯ ಹೆಸರು, ಒಳಗೆ ಚಿಕ್ಕ ಚಿಪ್. ವಾಲ್ಯೂಮ್ ಏರಿಸಿದ ದಿನ ಹೋಗುತ್ತವೆ.

ಅದಕ್ಕೇ ಬಿಡ್ ಹಾಕುವ ಮೊದಲು ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುವಲ್ (ಒಳಗೆ ಯಾವ ಬಿಡಿಭಾಗ ಇದೆ ಅಂತ ಹೇಳುವ ರಿಪೇರಿ ಪುಸ್ತಕ) ಹುಡುಕಿ ಓದಿ ಅನ್ನುತ್ತೇನೆ. ಒಂದು ಸಂಜೆ ಹೋಗುತ್ತದೆ ಅಷ್ಟೇ.

ಎರಡು ಪೆಟ್ಟಿಗೆ

ನೀವಿಬ್ಬರೂ ಒಳಗಿನ ಬಿಡಿಭಾಗಗಳ ಮಾತಾಡುತ್ತಿದ್ದೀರಿ. ನನ್ನ ಅನುಭವದಲ್ಲಿ ಹಾಳಾದ ವಸ್ತುಗಳಲ್ಲಿ ಬಹುಪಾಲು ಹರಾಜು ಮುಗಿದ ಮೇಲೆಯೇ ಹಾಳಾದವು. ಅಂದರೆ ದಾರಿಯಲ್ಲಿ.

ಒಮ್ಮೆ ಒಂದು ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ತರಿಸಿದ್ದೆ. ಮಾರಿದವರು ಪ್ರಾಮಾಣಿಕರು, ವಿಡಿಯೋದಲ್ಲಿ ಚೆನ್ನಾಗಿ ತಿರುಗುತ್ತಿತ್ತು. ಆದರೆ ಪ್ಲ್ಯಾಟರ್ (ರೆಕಾರ್ಡ್ ಇಡುವ ತಟ್ಟೆ) ತೆಗೆಯದೇ ಹಾಗೇ ಪೆಟ್ಟಿಗೆಗೆ ಹಾಕಿದ್ದರು. ಭಾರವಾದ ಆ ತಟ್ಟೆ ಒಳಗೇ ಎಗರಾಡಿ ಸೂಜಿ ಹಿಡಿಯುವ ಟೋನ್‌ಆರ್ಮ್ ಬಾಗಿತು, ಮುಚ್ಚಳ ಚೂರಾಯಿತು. ಅವತ್ತು ನನಗೆ ಅಳು ಬಂದಿತ್ತು. 50 ವರ್ಷ ಉಳಿದುಕೊಂಡಿದ್ದ ವಸ್ತು ಒಂದು ವಾರದಲ್ಲಿ ಹೋಯಿತಲ್ಲ ಅಂತ.

ಈಗ ಬಿಡ್ ಹಾಕುವ ಮೊದಲೇ ಕೇಳುತ್ತೇನೆ: ಪ್ಲ್ಯಾಟರ್ ಬೇರೆ ಸುತ್ತುತ್ತೀರಾ? ಟೋನ್‌ಆರ್ಮ್‌ನ ಹಿಂದಿನ ತೂಕ ಮತ್ತು ಹೆಡ್‌ಶೆಲ್ (ಸೂಜಿ ಕೂರುವ ತುದಿ) ಬಿಚ್ಚುತ್ತೀರಾ? ಆರ್ಮ್ ಕಟ್ಟುತ್ತೀರಾ? ಸಾಗಣೆ ಸ್ಕ್ರೂ ಇದ್ದರೆ ಬಿಗಿ ಮಾಡುತ್ತೀರಾ? ಆಂಪ್ ಆದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಬೇಕು. ಎರಡರ ನಡುವೆ ಎಲ್ಲಾ ಕಡೆ ನಾಲ್ಕೈದು ಬೆರಳಷ್ಟು ಗಟ್ಟಿ ಫೋಮ್. ಸಡಿಲ ಥರ್ಮಾಕೋಲ್ ಚೂರು ಸುರಿದರೆ ಸಾಲದು. ಭಾರವಾದ ಆಂಪ್ ಅದರೊಳಗೆ ಜಾರಿ ತಳ ಸೇರುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಮೂಲೆ ಕೆಳಗಾಗಿ ಬಿದ್ದರೆ ಚಾಸಿಯೇ (ಲೋಹದ ಚೌಕಟ್ಟು) ಸೊಟ್ಟಗಾಗುತ್ತದೆ.

ಪ್ಯಾಕಿಂಗ್‌ಗೆ ಬೇರೆ ಹಣ ಕೊಡುತ್ತೇನೆ ಅಂತ ನಾನೇ ಹೇಳುತ್ತೇನೆ. ಬೇಡ ಅಂದವರ ಹತ್ತಿರ ಕೊಳ್ಳುವುದಿಲ್ಲ.

ಹೊಸ ಕೇಳುಗ

ಎಲ್ಲರಿಗೂ ಧನ್ಯವಾದ. ಮಾರುವವರಿಗೆ ಏನು ಕೇಳಬೇಕು ಅಂತ ಯಾರಾದರೂ ಹೇಳುತ್ತೀರಾ? "ಸರಿಯಾಗಿ ಕೆಲಸ ಮಾಡುತ್ತದಾ" ಅಂತ ಕೇಳಿದೆ. "ಮಾಡಬಹುದು" ಅಂತ ಉತ್ತರ ಬಂತು.

ಬೆಸುಗೆ

ಆ ಪ್ರಶ್ನೆಗೆ ಅಂಥದೇ ಉತ್ತರ ಬರುವುದು. ಅವರಿಗೆ ಆಂಪ್ ಗೊತ್ತಿಲ್ಲ. ಗೊತ್ತಿಲ್ಲದವರೂ ಮಾಡಬಹುದಾದ ಕೆಲಸ ಕೇಳಿ.

ಒಂದೇ ವಿಡಿಯೋ ಸಾಕು, ಸದ್ದು ಕೇಳಿಸುವ ಹಾಗೆ. ಸ್ಪೀಕರ್ ಏನೂ ಬೇಡ. ಪವರ್ ಬಟನ್ ಒತ್ತಿ ಸುಮ್ನೆ ಕಾಯಬೇಕು. ಸ್ಪೀಕರ್ ಕಾಪಾಡುವ ಪ್ರೊಟೆಕ್ಷನ್ ರಿಲೇ ಇರುವ ಆಂಪ್ ಆದರೆ ಕೆಲವು ಸೆಕೆಂಡ್ ಬಿಟ್ಟು ಒಳಗಿನಿಂದ "ಟಕ್" ಅಂತ ಸದ್ದು ಬರುತ್ತದೆ. ಸ್ಪೀಕರ್‌ಗೆ ಹೋಗುವ ದಾರಿಯಲ್ಲಿ ದೊಡ್ಡ ಡಿಸಿ ವೋಲ್ಟೇಜ್ (ಒಂದೇ ದಿಕ್ಕಿನದು, ಸ್ಪೀಕರ್ ಸುಡಬಹುದು) ಇದ್ದರೆ ಆ ರಿಲೇ ಸ್ಪೀಕರ್ ಅನ್ನು ಜೋಡಿಸುವುದಿಲ್ಲ, ಸದ್ದೂ ಬರುವುದಿಲ್ಲ. ಹಾಗಾಗಿ ಆ ಸದ್ದು ನನಗೆ ದೊಡ್ಡ ಸಮಾಧಾನ. ಆಮೇಲೆ ಫೋನ್ ಅನ್ನು ಹಿಂದಿನ ಆಕ್ಸ್ ಕಿಂಡಿಗೆ ಜೋಡಿಸಿ, ಯಾವುದಾದರೂ ಹಳೆಯ ಹೆಡ್‌ಫೋನ್ ಹಾಕಿ, ಬ್ಯಾಲೆನ್ಸ್ ನಾಬ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಲಿ. ಎರಡೂ ಕಡೆ ಹಾಡು ಬಂದರೆ ಅರ್ಧ ಗೆದ್ದಂತೆ. ನಾಬ್ ತಿರುಗಿಸುವಾಗ ಗರಗರ ಬಂದರೆ ಚಿಂತೆ ಇಲ್ಲ, ಕ್ಲೀನ್ ಮಾಡಿದರೆ ಹೋಗುತ್ತದೆ.

ಫೋಟೋ: ಹಿಂಭಾಗ ಪೂರ್ತಿ, ವೋಲ್ಟೇಜ್ ಬರೆದ ಪಟ್ಟಿ, ಸೀರಿಯಲ್ ನಂಬರ್, ಮೇಲಿನ ಮುಚ್ಚಳದ ಸ್ಕ್ರೂಗಳು. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತಲೇ ತಿಳಿಯಿರಿ. ಪಕ್ಕದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಇಡಲಿ. ಬೇರೆಯವರ ಫೋಟೋ ಕದ್ದು ಹಾಕುವವರಿಗೆ ಅದು ಆಗುವುದಿಲ್ಲ.

ಎಲ್ಲಾ ಮಾತು ಹರಾಜು ತಾಣದ ಮೆಸೇಜಿನಲ್ಲೇ ನಡೆಯಲಿ. ಇದು ಬಹಳ ಮುಖ್ಯ. "ಪರೀಕ್ಷೆ ಮಾಡಿಲ್ಲ" ಅನ್ನುವ ವಸ್ತು ಕೆಟ್ಟು ಬಂದರೆ ನೀವು ದೂರುವುದು ಕಷ್ಟ, ಏಕೆಂದರೆ ಅವರು ಸುಳ್ಳು ಹೇಳಿಲ್ಲ. "ಎರಡೂ ಚಾನೆಲ್ ಬರುತ್ತಿವೆ" ಅಂತ ಅವರೇ ಬರೆದಿದ್ದರೆ ಆ ಮಾತು ನಿಮ್ಮ ಕೈಯಲ್ಲಿರುತ್ತದೆ. ಇಬೇ ಎಂಬ ಹರಾಜು ತಾಣದಲ್ಲಿ "ವಾಪಸ್ ಇಲ್ಲ" ಅಂತ ಹಾಕಿದ್ದರೂ ವಸ್ತು ವಿವರಣೆಯಂತೆ ಇಲ್ಲ ಅಂತ 30 ದಿನದೊಳಗೆ ದೂರು ಕೊಡಬಹುದು. ಆದರೆ ಮೊದಲು ವಿವರಣೆ ಅಂತ ಒಂದು ಇರಬೇಕಲ್ಲ.

ಹೊಸ ಕೇಳುಗ

ಹಿಂಭಾಗದ ಫೋಟೋ ಬಂತು. ಪಟ್ಟಿಯಲ್ಲಿ 100 ವೋಲ್ಟ್, 50/60 ಹರ್ಟ್ಸ್ ಅಂತಿದೆ. ವೋಲ್ಟೇಜ್ ಬದಲಿಸುವ ಸ್ವಿಚ್ ಕಾಣುತ್ತಿಲ್ಲ.

ತಾಮ್ರ ತಂತಿ

ಜಪಾನಿನ ಒಳಗೆ ಮಾರಿದ ಸೆಟ್ ಅಂದರೆ ಹಾಗೇ. ಗೋಡೆಯಲ್ಲಿ 230 ವೋಲ್ಟ್ ಇದ್ದರೆ ನೇರ ಪ್ಲಗ್ ಹಾಕಲೇಬೇಡಿ. ಕ್ಷಣದಲ್ಲಿ ಹೋಗುತ್ತದೆ. 100 ವೋಲ್ಟ್ ಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆಂಪ್‌ನ ಹಿಂದೆ ಬರೆದಿರುವ ವ್ಯಾಟ್‌ಗಿಂತ ಧಾರಾಳವಾಗಿ ದೊಡ್ಡದೇ ಇರಲಿ. ಅದರ ಬೆಲೆಯನ್ನೂ ಬಿಡ್ ಲೆಕ್ಕದಲ್ಲಿ ಹಿಡಿಯಿರಿ.

ಟ್ಯೂನರ್ ಬಗ್ಗೆ ಯಾರೂ ಹೇಳಲಿಲ್ಲ. ಜಪಾನಿನ ಎಫ್‌ಎಂ ಆಗ 76ರಿಂದ 90 ಮೆಗಾಹರ್ಟ್ಸ್. ಬೇರೆ ಬಹುತೇಕ ದೇಶಗಳಲ್ಲಿ 88ರಿಂದ 108ರವರೆಗೆ. ನಿಮ್ಮ ಸ್ಟೇಷನ್‌ಗಳು 90ರ ಮೇಲಿದ್ದರೆ ಆ ಟ್ಯೂನರ್‌ನಲ್ಲಿ ಒಂದೂ ಸಿಗುವುದಿಲ್ಲ. ನೋಡಲು ಚೆಂದ, ಅಷ್ಟೇ.

ಟರ್ನ್‌ಟೇಬಲ್ ಹುಡುಕುವವರಿಗೂ ಒಂದು ಮಾತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಕರೆಂಟಿನ ಹರ್ಟ್ಸ್ ನೋಡಿ ತಿರುಗುವ ಹಳೆಯ ಎಸಿ ಮೋಟಾರಿನ ಡೆಕ್ (ಟರ್ನ್‌ಟೇಬಲ್) ಇದ್ದು, ಮೋಟಾರಿನ ಚಕ್ರ ಅಂದರೆ ಪುಲ್ಲಿ 60 ಹರ್ಟ್ಸ್‌ನದಾಗಿದ್ದರೆ, 50 ಹರ್ಟ್ಸ್ ಇರುವಲ್ಲಿ ನಿಮಿಷಕ್ಕೆ 33 ಸುತ್ತಿನ ಬದಲು ಸುಮಾರು 28 ಸುತ್ತು ಮಾತ್ರ. ಜಪಾನಿನಲ್ಲೇ ಪೂರ್ವಕ್ಕೆ 50, ಪಶ್ಚಿಮಕ್ಕೆ 60 ಹರ್ಟ್ಸ್ ಇದೆ. ಹಾಗಾಗಿ ಪುಲ್ಲಿ ಯಾವುದು ಅಂತ ಕೇಳಲೇಬೇಕು. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ತರಹದ, ಕ್ವಾರ್ಟ್ಜ್ ಹರಳಿನ ಲೆಕ್ಕದಲ್ಲಿ ವೇಗ ಹಿಡಿದಿಡುವ ಕ್ವಾರ್ಟ್ಜ್ ಲಾಕ್ ಡೆಕ್‌ಗಳಿಗೆ ಈ ತೊಂದರೆ ಇಲ್ಲ.

ಕೊನೆ ನಿಮಿಷ

ಬಿಡ್ ಯಾವಾಗ ಹಾಕಬೇಕು ಅನ್ನುವ ಮಾತು ಬಂದೇ ಇಲ್ಲ. ಈಗಲೇ ಹಾಕಬೇಡಿ. ಕೊನೆಯ ಕೆಲವು ಸೆಕೆಂಡಿನಲ್ಲಿ ಹಾಕಿ.

ಹಳೇ ಸೂಜಿ

ಅದು ಏಕೆ? ನಿಮ್ಮ ಗರಿಷ್ಠ ಮೊತ್ತ ಹಾಕಿಟ್ಟರೆ ತಾಣವೇ ಅಲ್ಲಿಯವರೆಗೆ ನಿಮ್ಮ ಪರವಾಗಿ ಏರಿಸುತ್ತದೆ, ಆ ಮೊತ್ತ ಯಾರಿಗೂ ಕಾಣುವುದಿಲ್ಲ. ಎರಡನೆಯವರಿಗಿಂತ ಒಂದು ಹೆಜ್ಜೆ ಜಾಸ್ತಿ ಅಷ್ಟೇ ನೀವು ಕೊಡುವುದು. ಒಮ್ಮೆ ಹಾಕಿ ಮರೆತುಬಿಡಿ. ಕೊನೆಯ ನಿಮಿಷದಲ್ಲಿ ಪರದೆ ಮುಂದೆ ಕೂತವರೇ ಆವೇಶಕ್ಕೆ ಬಿದ್ದು ಜಾಸ್ತಿ ಕೊಡುವುದು.

ಕೊನೆ ನಿಮಿಷ

ಎಲ್ಲರೂ ನಿಮ್ಮ ಹಾಗೆ ಒಂದೇ ಸಲ ಹಾಕಿ ಸುಮ್ಮನಿದ್ದರೆ ನಿಮ್ಮ ಮಾತು ಸರಿ. ಜನ ಹಾಗಿಲ್ಲ. ನೀವು ಹಾಕಿದ್ದು ನೋಡಿ ಇನ್ನೊಬ್ಬರು ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುತ್ತಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದರ ಮೇಲೇ ಪ್ರಬಂಧ ಪ್ರಕಟಿಸಿದರು. ಇಬೇ ಹರಾಜು ನಿಗದಿತ ಹೊತ್ತಿಗೆ ಮುಗಿಯುತ್ತಿತ್ತು. ಆಗ ಅಮೆಜಾನ್ ನಡೆಸುತ್ತಿದ್ದ ಹರಾಜು ಕೊನೆಯಲ್ಲಿ ಬಿಡ್ ಬಂದರೆ ಮುಂದಕ್ಕೆ ಹೋಗುತ್ತಿತ್ತು. ಕೊನೆ ಗಳಿಗೆಯ ಬಿಡ್ ಇಬೇಯಲ್ಲೇ ಬಹಳ ಜಾಸ್ತಿ. ಅದರಲ್ಲೂ ಕಂಪ್ಯೂಟರ್ ಹರಾಜಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲಿ ಜಾಸ್ತಿ. ಬೆಲೆ ಗೊತ್ತಿರುವವರು ಮೊದಲೇ ಬಿಡ್ ಹಾಕಿದರೆ ಗೊತ್ತಿಲ್ಲದವರಿಗೆ ಸುಳಿವು ಕೊಟ್ಟಂತೆ ಆಗುತ್ತದೆ. ನಮ್ಮ ಆಂಪ್‌ಗಳ ಕಥೆಯೂ ಅದೇ ಅಲ್ವಾ?

ಹಳೇ ಸೂಜಿ

ಸುಳಿವಿನ ಮಾತು ಒಪ್ಪಿದೆ. ಅದನ್ನು ನಾನು ಯೋಚಿಸಿರಲಿಲ್ಲ. ಆದರೆ ಜಪಾನಿನ ಯಾಹೂ ಹರಾಜಿನಲ್ಲಿ ಸಾಮಾನ್ಯವಾಗಿ ಕೊನೆಯ 5 ನಿಮಿಷದೊಳಗೆ ಬೆಲೆ ಏರಿದರೆ ಇನ್ನೂ 5 ನಿಮಿಷ ಸೇರಿಕೊಳ್ಳುತ್ತದೆ. ಅಲ್ಲಿ ಸೆಕೆಂಡ್ ಲೆಕ್ಕ ನಡೆಯುವುದಿಲ್ಲ. ನಿಮ್ಮ ಹರಾಜು ಹೇಗೆ ಮುಗಿಯುತ್ತದೆ ಅಂತ ಮೊದಲು ನೋಡಿಕೊಳ್ಳಿ. ಮೊತ್ತವನ್ನಂತೂ ಇವತ್ತೇ ಕಾಗದದ ಮೇಲೆ ಬರೆದಿಡಿ.

ಹೊಸ ಕೇಳುಗ

ನಿಗದಿತ ಹೊತ್ತಿಗೇ ಮುಗಿಯುತ್ತದೆ. ಈಗ ಹೊಸ ಸಂಗತಿ. ವಿಡಿಯೋ ಕಳಿಸಿದ್ದಾರೆ. "ಟಕ್" ಸದ್ದು ಬಂತು! ಎರಡೂ ಕಡೆ ಹಾಡು ಬರುತ್ತದೆ ಅಂತ ಬರೆದೂ ಕೊಟ್ಟರು. ಬಲಗಡೆ ಸ್ವಲ್ಪ ಗರಗರ ಇದೆಯಂತೆ. ಜೊತೆಗೆ "ಹರಾಜು ರದ್ದು ಮಾಡುತ್ತೇನೆ, ನೇರ ಹಣ ಕಳಿಸಿ, ಕಮಿಷನ್ ಉಳಿಯುತ್ತದೆ, ಕಡಿಮೆಗೆ ಕೊಡುತ್ತೇನೆ" ಅಂತಲೂ ಬರೆದಿದ್ದಾರೆ.

ತಾಮ್ರ ತಂತಿ

ನಾನು ಹಾಗೆ ಎರಡು ಸಲ ಕೊಂಡಿದ್ದೇನೆ. ಇಬ್ಬರೂ ಒಳ್ಳೆಯವರಾಗಿದ್ದರು. ಇವರು ಇಷ್ಟೆಲ್ಲಾ ತೊಂದರೆ ತೆಗೆದುಕೊಂಡು ವಿಡಿಯೋ ಮಾಡಿದ್ದಾರೆ, ಮೋಸಗಾರರ ಹಾಗೆ ಕಾಣುವುದಿಲ್ಲ.

ಎರಡು ಪೆಟ್ಟಿಗೆ

ಮೋಸಗಾರರು ಅಂತ ನಾನೂ ಹೇಳುತ್ತಿಲ್ಲ. ದಾರಿಯಲ್ಲಿ ಒಡೆದರೆ ಯಾರ ಹತ್ತಿರ ಹೋಗುತ್ತೀರಿ? ತಾಣದ ಹೊರಗೆ ಕೊಟ್ಟ ಹಣಕ್ಕೆ ತಾಣದ ರಕ್ಷಣೆ ಇಲ್ಲ. ಹಣ ಕಳಿಸುವ ಪೇಪಾಲ್ ಸೇವೆಯಲ್ಲಿ ಸ್ನೇಹಿತರಿಗೆ ಕಳಿಸುವ ಬಗೆಯಲ್ಲಿ ಕಳಿಸಿದರೆ ಅಲ್ಲೂ ಕೊಳ್ಳುವವರ ರಕ್ಷಣೆ ಸಿಗುವುದಿಲ್ಲ. ಬೆಲೆ ಸ್ವಲ್ಪ ಇಳಿದರೂ ಅಪಾಯ ಪೂರ್ತಿ ನಿಮ್ಮದು. ಬೇಡ ಅಂತ ಮರ್ಯಾದೆಯಿಂದಲೇ ಬರೆಯಿರಿ.

ಬೆಸುಗೆ

ಇದಕ್ಕೆ ನನ್ನದೂ ಸಹಿ. ಹರಾಜಿನಲ್ಲೇ ಕೊಳ್ಳಿ. ವಿಡಿಯೋ ನೋಡಿದ ಮೇಲೆ "ಬೇಡ" ಅಂದಿದ್ದ ನನ್ನ ಮೊದಲ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಸರ್ವಿಸ್ ಖರ್ಚು, ಸ್ಟೆಪ್‌ಡೌನ್, ಸಾಗಣೆ, ಕಸ್ಟಮ್ಸ್ ಎಲ್ಲಾ ಕಳೆದು ಉಳಿದದ್ದೇ ನಿಮ್ಮ ಬಿಡ್. ಟ್ಯೂನರ್‌ಗೆ ಸೊನ್ನೆ ಹಾಕಿ.

ಹೊಸ ಕೇಳುಗ

ಸಿಕ್ಕಿತು! ಕಾಗದದ ಮೇಲೆ ಬರೆದಿಟ್ಟ ಮೊತ್ತಕ್ಕಿಂತ ಸ್ವಲ್ಪ ಕಡಿಮೆಗೇ. ಎರಡು ಪೆಟ್ಟಿಗೆಯಲ್ಲಿ ಕಟ್ಟಲು ಒಪ್ಪಿದ್ದಾರೆ, ಟ್ಯೂನರ್ ಬೇರೆ ಪಾರ್ಸೆಲ್. ಬಂದ ಕೂಡಲೇ ಹಚ್ಚಬಹುದಾ?

ಬೆಸುಗೆ

ಅಭಿನಂದನೆ! ಕೂಡಲೇ ಬೇಡ. ಪೆಟ್ಟಿಗೆ ಬಿಚ್ಚುವುದನ್ನು ಮೊದಲಿನಿಂದ ವಿಡಿಯೋ ಮಾಡಿ, ಹೊರಗಿನ ಏಟುಗಳೂ ಕಾಣಲಿ. ಅಲುಗಾಡಿಸಿ ನೋಡಿ, ಒಳಗೆ ಏನಾದರೂ ಉರುಳಿದರೆ ಪ್ಲಗ್ ಮುಟ್ಟಬೇಡಿ. ತಂಪಿನಿಂದ ಬಂದಿದ್ದರೆ ಒಂದು ದಿನ ಹಾಗೇ ಬಿಡಿ, ಒಳಗಿನ ತೇವ ಆರಬೇಕು.

ಮೊದಲ ಸಲ ಪವರ್ ಕೊಡುವುದನ್ನು ಸೀರೀಸ್ ಬಲ್ಬ್ ಇಟ್ಟುಕೊಂಡಿರುವ ಟೆಕ್ನಿಷಿಯನ್ ಹತ್ತಿರವೇ ಮಾಡಿಸಿ. ಫಿಲಮೆಂಟ್ ಇರುವ ಹಳೆಯ ಬಗೆಯ ಬಲ್ಬ್ ಮೂಲಕ ಕರೆಂಟ್ ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದೇ ಇರುತ್ತದೆ, ಆಂಪ್ ಉಳಿಯುತ್ತದೆ. ಒಮ್ಮೆ ಹೊಳೆದು ಮಂಕಾದರೆ ಸರಿ. ಮುಚ್ಚಳ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕ್ಯಾಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ಪೂರ್ತಿ ವೋಲ್ಟೇಜ್ ಕೊಟ್ಟ ಮೇಲೆ, ಸ್ಪೀಕರ್ ಜೋಡಿಸುವ ಮೊದಲು, ಅದರ ಟರ್ಮಿನಲ್‌ಗಳಲ್ಲಿ ಡಿಸಿ ಅಳೆಸಿ. 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. 100 ದಾಟಿದರೆ ಮೊದಲು ರಿಪೇರಿ. ಸರಿ ಇದ್ದರೂ ಮೊದಲ ಹಾಡಿಗೆ ನಿಮ್ಮ ಒಳ್ಳೆಯ ಸ್ಪೀಕರ್ ಬೇಡ, ಹೋದರೂ ಪರವಾಗಿಲ್ಲ ಅನ್ನುವಂಥ ಚಿಕ್ಕದೊಂದು ಜೋಡಿ ಹಾಕಿ. ಅಳತೆ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ಎರಡೂ ಚಾನೆಲ್‌ದು.